ಒಂದು ಅಂಕದ ಪ್ರಶ್ನೆಯ ಆಚೆಗಿನ ತಿಮ್ಮಯ್ಯ

ಕಳೆದ ವರ್ಷ ನಾವು ಐದಾರು ಮಂದಿ ಗೆಳೆಯರು ಶಿಗ್ಲಿಯಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಯ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸುತ್ತಿದ್ದೆವು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ ವಿದೇಶದಲ್ಲಿ ತೀರಿಕೊಂಡ ಕೊಡಗಿನ ಸೇನಾಧಿಕಾರಿ ಯಾರು ಎಂಬ ಪ್ರಶ್ನೆ ಅದರಲ್ಲಿತ್ತು. ನಾಲ್ಕು ಆಯ್ಕೆ, ಒಂದು ಅಂಕ. ನಮ್ಮಲ್ಲಿ ಮೂವರು ಕಾರ್ಯಪ್ಪ ಎಂದು ಗುರುತು ಹಾಕಿದ್ದೆವು. ಆ ಮೂವರಲ್ಲಿ ನಾನೂ ಒಬ್ಬ.

ಸರಿಯುತ್ತರ ಜನರಲ್ ಕೆ.ಎಸ್. ತಿಮ್ಮಯ್ಯ. ಎಲ್ಲರೂ ಕೆಂಪು ಪೆನ್ನಿನಲ್ಲಿ ತಿದ್ದಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಸೇನಾ ಭರ್ತಿಗೆಂದು ಮೂರು ವರ್ಷ ನಸುಕಿನಲ್ಲೇ ಎದ್ದು ಲಕ್ಷ್ಮೇಶ್ವರದ ರಸ್ತೆಯಲ್ಲಿ ಓಡಿದವನು ನಾನು. 1,600 ಮೀಟರ್ ಓಟದಲ್ಲಿ ಎರಡು ಸಲ ಕೆಲವೇ ಸೆಕೆಂಡುಗಳಲ್ಲಿ ಹಿಂದೆ ಬಿದ್ದೆ. ಆ ವರ್ಷ ವಯೋಮಿತಿಯೂ ದಾಟಿತ್ತು. ಸೈನಿಕನಾಗಬೇಕೆಂದು ಇಷ್ಟು ಹಂಬಲಿಸಿದವನಿಗೆ ನಮ್ಮದೇ ನಾಡಿನ ಸೇನಾ ಮುಖ್ಯಸ್ಥರೊಬ್ಬರು ಎಲ್ಲಿ, ಯಾಕೆ ತೀರಿಕೊಂಡರು ಎಂಬುದೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅಂದಿನಿಂದ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಓದಿನ ಸಾರವನ್ನು ನನ್ನಂತೆಯೇ ಪರೀಕ್ಷೆ, ರ‍್ಯಾಲಿ, ಅರ್ಜಿ ಎಂದು ಓಡಾಡುತ್ತಿರುವ ಗೆಳೆಯ ಗೆಳತಿಯರ ಮುಂದೆ ಇಡುತ್ತಿದ್ದೇನೆ.

ಮಡಿಕೇರಿಯ ಹುಡುಗ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ ತಿಂಗಳ ಕೊನೆಯಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಕುಟುಂಬ. ಆರು ಮಕ್ಕಳಲ್ಲಿ ಇವರೂ ಒಬ್ಬರು. ಮನೆಯಲ್ಲಿ ಮುದ್ದಿನಿಂದ ಡುಬ್ಬು ಎಂದು ಕರೆಯುತ್ತಿದ್ದರಂತೆ. ಮುಂದೆ ಸೇನೆಯಲ್ಲಿ ಎಲ್ಲರ ಬಾಯಲ್ಲೂ ಟಿಮ್ಮಿ ಆದರು. ಅಣ್ಣ ಪೊನ್ನಪ್ಪ, ತಮ್ಮ ಸೋಮಯ್ಯ ಕೂಡ ಸೇನೆ ಸೇರಿದವರೇ. ಕೂನೂರಿನ ಸೇಂಟ್ ಜೋಸೆಫ್ ಶಾಲೆ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗಳಲ್ಲಿ ಓದಿದ ಮೇಲೆ ತಿಮ್ಮಯ್ಯ ಡೆಹ್ರಾಡೂನಿನ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜಿಗೆ ಹೋದರು. ಆ ಕಾಲೇಜು ಶುರುವಾದದ್ದು 1922ರಲ್ಲಿ. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೆ ಆಯ್ಕೆಯಾದ ಬೆರಳೆಣಿಕೆಯ ಭಾರತೀಯರಲ್ಲಿ ಒಬ್ಬರಾಗಿ, 1926ರಲ್ಲಿ ಅಧಿಕಾರಿಯಾಗಿ ಹೊರಬಂದರು.

ಅಧಿಕಾರಿಯಾದ ಮಾತ್ರಕ್ಕೆ ಸಮಾನತೆ ಸಿಗಲಿಲ್ಲ. ಸ್ಯಾಂಡ್‌ಹರ್ಸ್ಟ್‌ನಲ್ಲಿ ತೇರ್ಗಡೆಯಾದ ಭಾರತೀಯರನ್ನು ಬ್ರಿಟಿಷ್ ಸರ್ಕಾರ ಆಗ ಎಂಟೇ ಎಂಟು ಘಟಕಗಳಿಗೆ ಸೀಮಿತಗೊಳಿಸಿತ್ತು. ಬಿಳಿಯ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬರಬಾರದು ಎಂಬುದೇ ಇದರ ಹಿಂದಿನ ಲೆಕ್ಕ. ಆ ಎಂಟರಲ್ಲಿ ಒಂದಾದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿಗೆ ತಿಮ್ಮಯ್ಯ ಸೇರಿದರು. ಇಂದಿನ ಕುಮಾವೂನ್ ರೆಜಿಮೆಂಟ್ ಇದೇ. ಸಮವಸ್ತ್ರ ಒಂದೇ ಆದರೂ ಕೆಲವು ಕ್ಲಬ್ಬುಗಳ ಬಾಗಿಲು ಭಾರತೀಯ ಅಧಿಕಾರಿಗಳಿಗೆ ತೆರೆಯುತ್ತಿರಲಿಲ್ಲ.

ಹೊರಗೆ ಸ್ವಾತಂತ್ರ್ಯ ಹೋರಾಟ ಕಾವೇರುತ್ತಿತ್ತು. ಬ್ರಿಟಿಷರ ಸೇನೆಯಲ್ಲಿರುವುದೇ ತಪ್ಪಲ್ಲವೇ ಎಂಬ ಕೊರಗು ತಿಮ್ಮಯ್ಯನವರಿಗೂ ಇತ್ತು. 1930ರ ಸುಮಾರಿಗೆ ಅಲಹಾಬಾದಿನಲ್ಲಿದ್ದಾಗ ಅವರೂ ಅವರ ಕೆಲವು ಸಹೋದ್ಯೋಗಿಗಳೂ ಮೋತಿಲಾಲ್ ನೆಹರೂ ಅವರಲ್ಲಿ ಇದನ್ನು ತೋಡಿಕೊಂಡರು. ಮೋತಿಲಾಲರು ರಾಜೀನಾಮೆ ಕೊಡಿ ಎನ್ನಲಿಲ್ಲ. ನಾಳೆ ದೇಶ ಸ್ವತಂತ್ರವಾದಾಗ ಅದಕ್ಕೊಂದು ಸೇನೆ ಬೇಕು, ಆ ಸೇನೆಗೆ ಕೆಲಸ ಬಲ್ಲ ಅಧಿಕಾರಿಗಳು ಬೇಕು, ಆದ್ದರಿಂದ ಒಳಗಿದ್ದೇ ಕಲಿಯಿರಿ ಎಂದು ಬುದ್ಧಿ ಹೇಳಿದರು. ತಿಮ್ಮಯ್ಯ ಉಳಿದರು. ಬಿಡಬೇಕೋ ಉಳಿಯಬೇಕೋ ಎಂಬ ಈ ಪ್ರಶ್ನೆ ಅವರ ಬದುಕಿನಲ್ಲಿ ಮತ್ತೊಮ್ಮೆ ಎದುರಾಯಿತು. ಆ ಕಥೆ ಮುಂದೆ ಬರುತ್ತದೆ.

1935ರಲ್ಲಿ ಅವರು ನೀನಾ ಅವರನ್ನು ಮದುವೆಯಾದರು. ಅದೇ ವರ್ಷದ ಮೇ ಕೊನೆಯಲ್ಲಿ ಕ್ವೆಟ್ಟಾದಲ್ಲಿ ಭೀಕರ ಭೂಕಂಪವಾಯಿತು. ಆಗ ನೀನಾ ಮಾಡಿದ ಸೇವೆಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು. ಮನೆಯಲ್ಲಿ ಪದಕ ಗೆದ್ದವರು ತಿಮ್ಮಯ್ಯ ಒಬ್ಬರೇ ಅಲ್ಲ ಎಂಬುದು ನೆನಪಿರಲಿ.

ಯುದ್ಧ ಕಲಿಸಿದ್ದು

ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬರ್ಮಾದ ಅರಕಾನ್ ಪ್ರದೇಶದಲ್ಲಿ 8/19 ಹೈದರಾಬಾದ್ ಬೆಟಾಲಿಯನ್ನನ್ನು ಮುನ್ನಡೆಸಿದರು. ಕಾಡು, ಕೆಸರು, ಮಳೆ, ಮಲೇರಿಯಾಗಳ ನಡುವೆ ಜಪಾನೀ ಸೇನೆಯೊಂದಿಗೆ ಹೋರಾಟ. ಅಲ್ಲಿ ತೋರಿದ ನಾಯಕತ್ವಕ್ಕೆ ಡಿಎಸ್‌ಒ ಗೌರವ ಬಂತು. ಯುದ್ಧ ಮುಗಿಯುವ ಮುನ್ನ ಬ್ರಿಗೇಡ್ ಒಂದರ ನಾಯಕತ್ವವೂ ಸಿಕ್ಕಿತು. ಮಹಾಯುದ್ಧದ ರಣರಂಗದಲ್ಲಿ ಕಾಲಾಳು ಬ್ರಿಗೇಡನ್ನು ಮುನ್ನಡೆಸಿದ ಭಾರತೀಯ ಎಂದರೆ ಅವರೇ. ಇಪ್ಪತ್ತು ವರ್ಷಗಳ ಹಿಂದೆ ಭಾರತೀಯರಿಗೆ ಎಂಟೇ ಘಟಕ ಎಂದು ಗೆರೆ ಎಳೆದಿದ್ದ ಅದೇ ಸೇನೆಯಲ್ಲಿ ಇದು ನಡೆಯಿತು. ಯುದ್ಧದ ಬಳಿಕ ಸೋತ ಜಪಾನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪಡೆಯಲ್ಲಿ 268ನೇ ಭಾರತೀಯ ಬ್ರಿಗೇಡಿನ ಮುಖ್ಯಸ್ಥರಾಗಿದ್ದರು. ನಿನ್ನೆಯ ಶತ್ರುವಿನ ನೆಲದಲ್ಲಿ ಇಂದು ಹೇಗೆ ನಡೆದುಕೊಳ್ಳಬೇಕು ಎಂಬ ಪಾಠ ಅಲ್ಲಿಂದಲೇ ಶುರುವಾಗಿರಬೇಕು.

1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನಲ್ಲಿ ನಿರಾಶ್ರಿತರ ಸಾಲುಗಳನ್ನು ಕಾಪಾಡುವ ಹೊಣೆ ಅವರ ಹೆಗಲಿಗೂ ಬಂತು. 1948ರಲ್ಲಿ ಕಾಶ್ಮೀರ ಕಣಿವೆಯ ಡಿವಿಷನ್ನಿನ ನೇತೃತ್ವ. ಲೇಹ್ ಪಟ್ಟಣ ಇನ್ನೇನು ದಾಳಿಕೋರರ ಕೈಸೇರುತ್ತದೆ ಎಂಬ ಸ್ಥಿತಿ. ಸಿಂಧೂ ನದಿಯ ದಂಡೆಯಲ್ಲಿ ಸ್ಥಳೀಯರು ಸೇರಿ ಮಾಡಿದ್ದ ಮಣ್ಣಿನ ಓಡುಹಾದಿಯಲ್ಲಿ ವಾಯುಪಡೆಯ ಮೆಹರ್ ಸಿಂಗ್ ಮೇ ತಿಂಗಳಲ್ಲಿ ಡಕೋಟಾ ವಿಮಾನವನ್ನು ಇಳಿಸಿದರು. ಆ ಮೊದಲ ವಿಮಾನದಲ್ಲಿ ತಿಮ್ಮಯ್ಯ ಕುಳಿತಿದ್ದರು. ಸೈನಿಕರನ್ನು ಕಳಿಸುವ ಮೊದಲು ತಾವೇ ಹೋಗಿ ನೋಡುವುದು ಅವರ ರೀತಿ.

ಅದೇ ವರ್ಷ ನವೆಂಬರ್ 1ರಂದು ಜೋಜಿಲಾ ಕಣಿವೆಯ ದಾಳಿ ನಡೆಯಿತು. 11,000 ಅಡಿಗೂ ಎತ್ತರದ ಹಿಮದ ಹಾದಿ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಹಗುರ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಜಮ್ಮುವಿನಿಂದ ತರಿಸಲಾಯಿತು. ಅವು ಹತ್ತುವ ಹಾದಿಯನ್ನು ಮದ್ರಾಸ್ ಸ್ಯಾಪರ್ಸ್ ಕಡಿದರು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದರೆ ಇವರೇ. ದಾಳಿಯಲ್ಲಿ ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು. ಜೋಜಿಲಾ ಕೈವಶವಾಯಿತು, ದ್ರಾಸ್ ಮತ್ತು ಕಾರ್ಗಿಲ್ ದಾರಿ ತೆರೆಯಿತು, ಲೇಹ್ ಉಳಿಯಿತು. ಬ್ರಿಟಿಷರು ಭಾರತೀಯರಿಗೆಂದು ಬಿಟ್ಟುಕೊಟ್ಟಿದ್ದ ಎಂಟು ಘಟಕಗಳಲ್ಲಿ 7ನೇ ಕ್ಯಾವಲ್ರಿಯೂ ಒಂದು ಎಂಬುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಅದೇ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬ್ ತೆಗೆಯುವಾಗ ತಮ್ಮ ಸೋಮಯ್ಯ ಪ್ರಾಣ ಕಳೆದುಕೊಂಡರು. ಗೆಲುವೂ ಸಾವೂ ಒಂದೇ ಮನೆಗೆ ಬಂದವು.

ಕೊರಿಯಾ: ಗುಂಡು ಹಾರಿಸದ ಕೆಲಸ

1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತಿತು. ಆದರೆ ದೊಡ್ಡದೊಂದು ತೊಡಕು ಉಳಿದಿತ್ತು. ಸೆರೆಸಿಕ್ಕ 22,000ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಸೈನಿಕರು ತಮ್ಮ ದೇಶಕ್ಕೆ ಮರಳಲು ಒಪ್ಪುತ್ತಿರಲಿಲ್ಲ. ಅವರು ಸ್ವಇಚ್ಛೆಯಿಂದಲೇ ಹಾಗೆ ಹೇಳುತ್ತಿದ್ದಾರೆಯೇ, ಬೆದರಿಕೆಗೆ ಹೆದರಿ ಹೇಳುತ್ತಿದ್ದಾರೆಯೇ ಎಂಬುದೇ ಜಗಳ. ಇದನ್ನು ಬಿಡಿಸಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷ ತಿಮ್ಮಯ್ಯ. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಯ ಮುಖ್ಯಸ್ಥರು ಎಸ್.ಪಿ.ಪಿ. ಥೋರಾತ್, ಬರ್ಮಾದಲ್ಲಿ ತಿಮ್ಮಯ್ಯನವರ ಜೊತೆ ಹೋರಾಡಿದ ಗೆಳೆಯ.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ತಮ್ಮ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡಲೂ ಬಿಡಲಿಲ್ಲ. ಇಂಚಾನ್ ಬಂದರಿನಿಂದ ನಮ್ಮವರನ್ನು ಅಮೆರಿಕದ ಹೆಲಿಕಾಪ್ಟರುಗಳಲ್ಲೇ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಡೇರೆಗಳ ನಡುವೆ ಒಂದು ಹಿಂದ್ ನಗರವೇ ಎದ್ದಿತು. ಕೈದಿಗಳು ಕೂಗಾಡಿದರು, ಕಲ್ಲು ತೂರಿದರು, ಒಮ್ಮೆ ನಮ್ಮ ಅಧಿಕಾರಿಯೊಬ್ಬರನ್ನೇ ಆವರಣದೊಳಗೆ ಎಳೆದುಕೊಂಡು ಹೋದರು. ಆಯೋಗದೊಳಗೆ ಇಬ್ಬರು ಈ ಕಡೆ, ಇಬ್ಬರು ಆ ಕಡೆ. ನಡುವಿನ ಮತ ತಿಮ್ಮಯ್ಯನವರದು. ಯಾವ ತೀರ್ಮಾನ ಕೊಟ್ಟರೂ ಅರ್ಧ ಜಗತ್ತು ಬೈಯುತ್ತಿತ್ತು. ಕೊನೆಗೆ ಅವಧಿ ಮುಗಿಯುತ್ತ ಬಂದಾಗ, 1954ರ ಜನವರಿಯಲ್ಲಿ, ಯಾರನ್ನೂ ಬಲವಂತವಾಗಿ ಯಾವ ಕಡೆಗೂ ದೂಡದೆ ಅವರವರನ್ನು ಹಿಂದೆ ಹಿಡಿದಿಟ್ಟಿದ್ದ ಪಕ್ಷಗಳಿಗೇ ಒಪ್ಪಿಸಲಾಯಿತು. ಎರಡೂ ದೇಶ ಬೇಡವೆಂದ 88 ಕೈದಿಗಳು ನಮ್ಮ ಪಡೆಯೊಂದಿಗೇ ಹಡಗು ಹತ್ತಿ ಭಾರತಕ್ಕೆ ಬಂದರು. ಎರಡೂ ಬಣಗಳಿಂದ ಟೀಕೆ ಬಂತು. ಆದರೆ ನಿಂತ ಯುದ್ಧ ಮತ್ತೆ ಹೊತ್ತಿಕೊಳ್ಳಲಿಲ್ಲ. ಆ ವರ್ಷ ಅವರಿಗೆ ಪದ್ಮಭೂಷಣ ಬಂತು.

ಒಂದು ರಾಜೀನಾಮೆ

1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ಉತ್ತರದ ಗಡಿಯಲ್ಲಿ ಚೀನಾದ ಚಟುವಟಿಕೆ ಹೆಚ್ಚುತ್ತಿತ್ತು. ಸೇನೆಗೆ ಹೆಚ್ಚಿನ ಸಿದ್ಧತೆ ಬೇಕೆಂದು ಅವರು ಕೇಳುತ್ತಿದ್ದರು. ಪೂರ್ವ ಗಡಿಯ ರಕ್ಷಣೆಗೆ ಥೋರಾತ್ ಮಾಡಿಕೊಟ್ಟ ಯೋಜನೆಯನ್ನೂ ಬೆಂಬಲಿಸಿದರು. ಅದು ಕಾರ್ಯರೂಪಕ್ಕೆ ಬರಲಿಲ್ಲ. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗೆ ಬಡ್ತಿಯ ವಿಷಯದಲ್ಲಿ, ಕೆಲಸದ ರೀತಿಯಲ್ಲಿ ಭಿನ್ನಾಭಿಪ್ರಾಯ ಬೆಳೆಯಿತು. 1959ರ ಆಗಸ್ಟ್ ಕೊನೆಯಲ್ಲಿ ತಿಮ್ಮಯ್ಯ ರಾಜೀನಾಮೆ ಬರೆದುಕೊಟ್ಟರು.

ಪ್ರಧಾನಿ ನೆಹರೂ ಕರೆಸಿ ಮಾತಾಡಿದರು. ತಿಮ್ಮಯ್ಯ ರಾಜೀನಾಮೆ ವಾಪಸ್ ಪಡೆದರು. ಅದಾದ ಮೇಲೆ ಸಂಸತ್ತಿನಲ್ಲಿ ನೆಹರೂ ಅವರು ಜನರಲ್ ನಡೆದುಕೊಂಡ ರೀತಿ ಸರಿಯಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ತಿಮ್ಮಯ್ಯ ಬಹಿರಂಗವಾಗಿ ವಾದಕ್ಕೆ ಇಳಿಯಲಿಲ್ಲ. ಇನ್ನೂ ಎರಡು ವರ್ಷ ಹುದ್ದೆಯಲ್ಲಿದ್ದು 1961ರ ಮೇ ತಿಂಗಳಲ್ಲಿ ನಿವೃತ್ತರಾಗಿ ಕೊಡಗಿಗೆ, ಕಾಫಿ ತೋಟಕ್ಕೆ ಮರಳಿದರು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಚೀನಾ ದಾಳಿ ಮಾಡಿತು. ಏನಾಯಿತೆಂದು ಇಡೀ ದೇಶಕ್ಕೆ ಗೊತ್ತು.

ಈ ಭಾಗವನ್ನು ನಾನು ಗೆಳೆಯರ ಮುಂದೆ ಹೇಳಿದಾಗ ದೊಡ್ಡ ಚರ್ಚೆಯೇ ಆಯಿತು. ರಾಜೀನಾಮೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ದೇಶ ಎಚ್ಚೆತ್ತುಕೊಳ್ಳುತ್ತಿತ್ತು ಎಂದ ಒಬ್ಬ. ಚುನಾಯಿತ ಸರ್ಕಾರದ ಎದುರು ಸೇನಾ ಮುಖ್ಯಸ್ಥ ಹಟ ಹಿಡಿಯುವುದೇ ತಪ್ಪು, ನೆರೆಯ ದೇಶದಲ್ಲಿ 1958ರಲ್ಲೇ ಸೇನೆ ಅಧಿಕಾರ ಕಿತ್ತುಕೊಂಡಿರಲಿಲ್ಲವೇ ಎಂದ ಇನ್ನೊಬ್ಬ. ನನಗೆ ಇಬ್ಬರ ಮಾತೂ ಅರ್ಥವಾಯಿತು, ಯಾರ ಪರ ನಿಲ್ಲಬೇಕೆಂದು ಮಾತ್ರ ತಿಳಿಯಲಿಲ್ಲ. ಒಂದಂತೂ ನಿಜ. ಪಾಕಿಸ್ತಾನದ ಆಯೂಬ್ ಖಾನ್ ಹಿಡಿದ ದಾರಿಯನ್ನು ನಮ್ಮ ಸೇನೆ ಹಿಡಿಯಲಿಲ್ಲ. ನೋವನ್ನು ನುಂಗಿಕೊಂಡ ತಿಮ್ಮಯ್ಯನವರಂಥವರ ಪಾಲೂ ಅದರಲ್ಲಿದೆ.

ಸೈಪ್ರಸ್ ಎಂಬ ದ್ವೀಪ

ಈಗ ಆ ಒಂದು ಅಂಕದ ಪ್ರಶ್ನೆಗೆ ಬರೋಣ. ಮೆಡಿಟರೇನಿಯನ್ ಸಮುದ್ರದ ಪೂರ್ವದಲ್ಲಿರುವ ಸೈಪ್ರಸ್ ದ್ವೀಪದ ವಿಸ್ತೀರ್ಣ 9,251 ಚದರ ಕಿಲೋಮೀಟರ್. ಎರಡು ಗದಗ ಜಿಲ್ಲೆ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಜನರಲ್ಲಿ ಸುಮಾರು ನೂರಕ್ಕೆ ಎಂಬತ್ತು ಮಂದಿ ಗ್ರೀಕ್ ಭಾಷಿಕರು, ಹದಿನೆಂಟು ಮಂದಿ ಟರ್ಕಿ ಭಾಷಿಕರು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ದ್ವೀಪ 1960ರ ಆಗಸ್ಟ್ 16ರಂದು ಸ್ವತಂತ್ರವಾಯಿತು. ಆದರೆ ಬ್ರಿಟನ್ ಪೂರ್ತಿ ಹೊರಡಲಿಲ್ಲ. ಅಕ್ರೋಟಿರಿ ಮತ್ತು ಧೆಕೇಲಿಯಾ ಎಂಬ ಎರಡು ಸೇನಾ ನೆಲೆಗಳನ್ನು, ಒಟ್ಟು 254 ಚದರ ಕಿಲೋಮೀಟರ್ ನೆಲವನ್ನು, ಒಪ್ಪಂದದ ಮೂಲಕ ತನ್ನದಾಗಿಯೇ ಉಳಿಸಿಕೊಂಡಿತು. ದ್ವೀಪದ ನೂರರಲ್ಲಿ ಮೂರು ಪಾಲು ಇಂದಿಗೂ ಬ್ರಿಟನ್ನಿನ ನೆಲ.

1963ರ ಡಿಸೆಂಬರಿನಲ್ಲಿ ಎರಡು ಸಮುದಾಯಗಳ ನಡುವೆ ರಕ್ತಪಾತ ಶುರುವಾಯಿತು. ಈ ನೆಲೆಗಳಲ್ಲಿದ್ದ ಬ್ರಿಟಿಷ್ ಸೈನಿಕರೇ ಮೊದಲು ರಾಜಧಾನಿ ನಿಕೋಸಿಯಾಕ್ಕೆ ಬಂದು ನಡುವೆ ನಿಂತರು. ಅವರ ಮೇಜರ್ ಜನರಲ್ ಪೀಟರ್ ಯಂಗ್ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಊರು ಎರಡಾಯಿತು. ಆ ಗೆರೆಗೆ ಹಸಿರು ಗೆರೆ ಎಂಬ ಹೆಸರೇ ನಿಂತಿತು. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೇ ನಿರ್ಣಯದ ಮೂಲಕ ಶಾಂತಿಪಾಲನಾ ಪಡೆಯನ್ನು ರಚಿಸಿತು. ಅದರ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಕೆಲವೇ ತಿಂಗಳ ನಂತರ ಆ ಜಾಗಕ್ಕೆ ತಿಮ್ಮಯ್ಯನವರಿಗೆ ಕರೆ ಬಂತು. ಆಗ ಅವರಿಗೆ 58 ವರ್ಷ. ನಿವೃತ್ತಿಯಾಗಿ ಮೂರು ವರ್ಷ ಕಳೆದಿತ್ತು.

ಸುಮಾರು 6,000 ಸೈನಿಕರ ಪಡೆ. ಕೆನಡಾ, ಐರ್ಲೆಂಡ್, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್, ಬ್ರಿಟನ್ ತುಕಡಿಗಳು, ಆಸ್ಟ್ರಿಯಾದ ವೈದ್ಯರು, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪೊಲೀಸರು. ಭಾರತದ ಒಂದು ತುಕಡಿಯೂ ಅಲ್ಲಿರಲಿಲ್ಲ, ದಂಡನಾಯಕ ಮಾತ್ರ ಭಾರತೀಯ. ಆರಂಭದಲ್ಲಿ ಎಲ್ಲಕ್ಕಿಂತ ದೊಡ್ಡ ತುಕಡಿ ಬ್ರಿಟನ್ನಿನದೇ ಆಗಿತ್ತು. ಬಿಳಿಯರು ತಮ್ಮ ಕೈಕೆಳಗೆ ಬರದಂತೆ ಯಾವ ಸಾಮ್ರಾಜ್ಯ ನಿಯಮ ಮಾಡಿತ್ತೋ ಅದೇ ಸಾಮ್ರಾಜ್ಯದ ಸೈನಿಕರು ಈಗ ನೀಲಿ ಟೋಪಿ ಹಾಕಿಕೊಂಡು ಮಡಿಕೇರಿಯ ತಿಮ್ಮಯ್ಯನವರ ಆದೇಶ ಪಾಲಿಸುತ್ತಿದ್ದರು.

ಹಿಂದಿನ ನೆಲೆ, ಮುಂದಿನ ಕಾವಲು

ಶಾಂತಿಪಾಲನೆ ಎಂದರೆ ನೀಲಿ ಟೋಪಿ ಹಾಕಿ ನಡುವೆ ನಿಲ್ಲುವುದು ಎಂದಷ್ಟೇ ನಾನು ತಿಳಿದಿದ್ದೆ. ಓದುತ್ತ ಹೋದಂತೆ ಅದರ ಹಿಂದಿನ ವ್ಯವಸ್ಥೆ ಕಂಡಿತು. ದ್ವೀಪದ ತುಂಬ ಚದುರಿದ ಕಾವಲು ಠಾಣೆಗಳಲ್ಲಿ ಆರು ಸಾವಿರ ಮಂದಿ ಪ್ರತಿದಿನ ಉಣ್ಣಬೇಕು. ಜೀಪಿಗೆ ಪೆಟ್ರೋಲ್ ಬೇಕು, ಕೆಟ್ಟ ಗಾಡಿಗೆ ಬಿಡಿಭಾಗ ಬೇಕು. ವಿಶ್ವಸಂಸ್ಥೆಗೆ ಸ್ವಂತದ ಸೇನಾ ನೆಲೆ ಎಂಬುದಿಲ್ಲ. ಆ ಪೂರೈಕೆಯ ಬಹುಭಾಗ ಬಂದದ್ದು ದ್ವೀಪದಲ್ಲೇ ಇದ್ದ ಬ್ರಿಟಿಷ್ ನೆಲೆಗಳಿಂದ.

ಇದರಲ್ಲಿ ಅನುಕೂಲದಷ್ಟೇ ಇಕ್ಕಟ್ಟೂ ಇತ್ತು. ನಿನ್ನೆ ಮೊನ್ನೆಯವರೆಗೆ ಆಳಿದ ದೇಶದ ನೆಲೆಯಿಂದ ಅನ್ನ ಬರುತ್ತಿದ್ದರೆ ಆ ಪಡೆಯನ್ನು ತಟಸ್ಥ ಎಂದು ಸ್ಥಳೀಯರು ನಂಬುವುದು ಸುಲಭವಲ್ಲ. 1955ರಿಂದ ಬ್ರಿಟಿಷರ ವಿರುದ್ಧವೇ ಬಂದೂಕು ಹಿಡಿದಿದ್ದ ಗ್ರೀಕ್ ಸೈಪ್ರಿಯಟ್ಟರ ಮನಸ್ಸಿನ ಗಾಯ ಹಸಿಯಾಗಿತ್ತು. ಇತ್ತ ಟರ್ಕಿ ಭಾಷಿಕರಿಗೂ ತಮ್ಮನ್ನು ಯಾರು ಕಾಯುತ್ತಾರೆ ಎಂಬ ಭಯ. ಇಂಥಲ್ಲಿ ಪಡೆಯ ಮುಖ್ಯಸ್ಥ ಬ್ರಿಟಿಷನೂ ಅಲ್ಲ, ಗ್ರೀಕನೂ ಅಲ್ಲ, ಟರ್ಕಿಯವನೂ ಅಲ್ಲ. ತಾನೂ ವಸಾಹತಿನಲ್ಲೇ ಹುಟ್ಟಿ ಬೆಳೆದವನು ಎಂಬುದಕ್ಕೆ ಬೆಲೆಯಿತ್ತು.

ಪಡೆಯ ಕೈಯಲ್ಲಿ ಬಂದೂಕಿದ್ದರೂ ಆತ್ಮರಕ್ಷಣೆಗೆ ಮಾತ್ರ ಹಾರಿಸಬೇಕು ಎಂಬ ಕಟ್ಟುಪಾಡು. ಉಳಿದದ್ದೆಲ್ಲ ಮಾತಿನಿಂದಲೇ ಆಗಬೇಕು. 1964ರ ಆಗಸ್ಟಿನಲ್ಲಿ ವಾಯವ್ಯ ಕರಾವಳಿಯ ಕೊಕ್ಕಿನಾ ಪ್ರದೇಶದಲ್ಲಿ ಗ್ರೀಕ್ ಸೈಪ್ರಿಯಟ್ ಪಡೆಗಳು ದಾಳಿ ಮಾಡಿದವು, ಟರ್ಕಿಯ ವಿಮಾನಗಳು ಬಂದು ಬಾಂಬ್ ಹಾಕಿದವು. ಶಾಂತಿಪಡೆಗೆ ಅದನ್ನು ತಡೆಯಲಾಗಲಿಲ್ಲ. ಭದ್ರತಾ ಮಂಡಳಿ ಮಧ್ಯೆ ಬಂದ ಮೇಲೆ ಕದನ ನಿಂತಿತು. ಈ ವೈಫಲ್ಯವನ್ನು ಮರೆಮಾಚಿ ತಿಮ್ಮಯ್ಯನವರ ಬದುಕನ್ನು ಹೇಳಿದರೆ ಅದು ಪೂರ್ತಿ ಕಥೆಯಾಗುವುದಿಲ್ಲ.

ಆದರೆ ಅದಾದ ಮೇಲೆ ನಡೆದದ್ದನ್ನೂ ಹೇಳಬೇಕು. ನಿಕೋಸಿಯಾದಿಂದ ಉತ್ತರದ ಕಿರೇನಿಯಾಕ್ಕೆ ಹೋಗುವ ಮುಖ್ಯ ರಸ್ತೆ ಟರ್ಕಿ ಭಾಷಿಕರ ಹಿಡಿತದಲ್ಲಿತ್ತು, ಗ್ರೀಕರಿಗೆ ಅದು ಮುಚ್ಚಿತ್ತು. ಮಾತುಕತೆಯ ನಂತರ 1964ರ ಅಕ್ಟೋಬರಿನಲ್ಲಿ ಆ ರಸ್ತೆ ಶಾಂತಿಪಡೆಯ ಸುಪರ್ದಿಗೆ ಬಂತು. ದಿನಕ್ಕೆ ಎರಡು ಬಾರಿ ವಿಶ್ವಸಂಸ್ಥೆಯ ಗಾಡಿಗಳ ಬೆಂಗಾವಲಿನಲ್ಲಿ ಗ್ರೀಕರ ವಾಹನಗಳು ಸಾಲಾಗಿ ಹೋಗಿಬರತೊಡಗಿದವು. ಇನ್ನೊಂದೆಡೆ ಎದುರುಬದುರು ಬಂದೂಕುಗಳ ನಡುವಿದ್ದ ಹೊಲಗಳಿಗೆ ರೈತರು ಹೋಗಲು ಹೆದರುತ್ತಿದ್ದರು. ನೀಲಿ ಟೋಪಿಯವರು ಬದುವಿನಲ್ಲಿ ನಿಂತರು, ರೈತರು ಸುಗ್ಗಿ ಮಾಡಿಕೊಂಡರು. ಟರ್ಕಿ ಭಾಷಿಕರ ಕೇರಿಗಳಿಗೆ ಯಾವ ಸರಕು ಹೋಗಬೇಕು, ಯಾವುದು ಹೋಗಬಾರದು ಎಂಬ ದಿನನಿತ್ಯದ ತಕರಾರುಗಳನ್ನೂ ಕೂತು ಬಗೆಹರಿಸಬೇಕಿತ್ತು. ಇದ್ಯಾವುದಕ್ಕೂ ಪದಕ ಇಲ್ಲ. ಜೋಜಿಲಾದಂತೆ ಸಿನಿಮಾ ಮಾಡುವ ಕಥೆಯೂ ಅಲ್ಲ.

ನಮ್ಮ ಮನೆಯಲ್ಲಿ ಮಗ್ಗವಿದೆ. ಎಳೆ ಹರಿದರೆ ಅಪ್ಪ ಮಗ್ಗ ನಿಲ್ಲಿಸಿ, ಹರಿದ ಎರಡು ತುದಿಗಳನ್ನು ಹುಡುಕಿ, ಗಂಟು ಹಾಕಿ ಮತ್ತೆ ಲಾಳಿ ಓಡಿಸುತ್ತಾನೆ. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಸೀರೆ ಕೊಂಡವರಿಗೆ ಆ ಗಂಟುಗಳು ಕಾಣುವುದಿಲ್ಲ. ಸೈಪ್ರಸ್ಸಿನ ಬಗ್ಗೆ ಓದುವಾಗ ನನಗೆ ಅದೇ ನೆನಪಾಗುತ್ತಿತ್ತು.

ಕೊನೆಯ ದಿನ

1965ರ ಡಿಸೆಂಬರ್ 18ರಂದು ಸೈಪ್ರಸ್ಸಿನಲ್ಲೇ ಹೃದಯಾಘಾತದಿಂದ ತಿಮ್ಮಯ್ಯ ತೀರಿಕೊಂಡರು. ವಯಸ್ಸು 59. ದಂಡನಾಯಕನ ಹುದ್ದೆಯಲ್ಲಿದ್ದಾಗಲೇ ಬಂದ ಸಾವು. ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಲಾರ್ನಾಕಾ ನಗರದಲ್ಲಿ ಅವರ ಹೆಸರಿನ ರಸ್ತೆಯಿದೆ. ನಮ್ಮಲ್ಲಿ ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಅವರ ಹೆಸರಿದೆ, ಆದರೆ ಬಸ್ಸಿನಲ್ಲಿ ಕೂತವರು ಈಗಲೂ ರಿಚ್ಮಂಡ್ ರಸ್ತೆಗೇ ಟಿಕೆಟ್ ಕೇಳುತ್ತಾರೆ. ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ. ಅವರ ಮನೆ ಸನ್ನಿ ಸೈಡ್ 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಕೊಡಗಿಗೆ ಪ್ರವಾಸ ಹೋದಾಗ ಜಲಪಾತದ ಮುಂದೆ ಸೆಲ್ಫಿ ತೆಗೆದುಕೊಂಡ ಮೇಲೆ ಒಂದು ತಾಸು ಅಲ್ಲಿಗೂ ಇಡಿ.

ಸೈಪ್ರಸ್ ಸಮಸ್ಯೆ ಬಗೆಹರಿಯಿತೇ? ಇಲ್ಲ. 1974ರಲ್ಲಿ ಟರ್ಕಿ ಸೇನೆ ಬಂದಿಳಿದು ದ್ವೀಪ ಇನ್ನಷ್ಟು ಒಡೆಯಿತು. ಹಸಿರು ಗೆರೆ ಇಂದಿಗೂ ಇದೆ, ಶಾಂತಿಪಡೆಯೂ ಇದೆ, ಬ್ರಿಟಿಷ್ ನೆಲೆಗಳೂ ಇವೆ. ಹಾಗಾದರೆ ತಿಮ್ಮಯ್ಯ ಸಾಧಿಸಿದ್ದೇನು ಎಂದು ಗೆಳೆಯನೊಬ್ಬ ಕೇಳಿದ. ಅವರು ಅಲ್ಲಿದ್ದ ಒಂದೂವರೆ ವರ್ಷದಲ್ಲಿ ಒಂದಿಷ್ಟು ರೈತರು ರಾಶಿ ಮಾಡಿದರು, ಒಂದಿಷ್ಟು ಜನ ಆ ರಸ್ತೆಯಲ್ಲಿ ಹೋಗಿ ಜೀವಂತ ಮರಳಿ ಬಂದರು. ನನಗೆ ಸಿಕ್ಕ ಉತ್ತರ ಇಷ್ಟೇ.

ಉದ್ಯೋಗ ಹುಡುಕುತ್ತಿರುವವರಿಗೆ ಒಂದು ಮಾತು. ಶಾಂತಿಪಾಲನೆಗೆ ಸೈನಿಕರಾಗಿ ಹೋಗಲು ವಿಶ್ವಸಂಸ್ಥೆ ನೇರವಾಗಿ ಭರ್ತಿ ಮಾಡಿಕೊಳ್ಳುವುದಿಲ್ಲ, ಭಾರತ ಸರ್ಕಾರವೇ ತನ್ನ ಸೇನೆ ಮತ್ತು ಪೊಲೀಸ್ ಪಡೆಗಳಿಂದ ಕಳಿಸುತ್ತದೆ. ನೇರ ಭರ್ತಿ ಎಂದು ಹಣ ಕೇಳುವವರು ಸಿಕ್ಕರೆ ನಂಬಬೇಡಿ. ಇದುವರೆಗೆ 2.5 ಲಕ್ಷಕ್ಕೂ ಹೆಚ್ಚು ಭಾರತೀಯರು ಈ ಸೇವೆಯಲ್ಲಿ ಪಾಲ್ಗೊಂಡಿದ್ದಾರೆ, 170ಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟಿದ್ದಾರೆ. 2007ರಲ್ಲಿ ಲೈಬೀರಿಯಾಕ್ಕೆ ಮಹಿಳೆಯರೇ ಇರುವ ಪೊಲೀಸ್ ತುಕಡಿ ಕಳಿಸಿದ ಮೊದಲ ದೇಶ ನಮ್ಮದು, ಹೋದವರು ಸಿಆರ್‌ಪಿಎಫ್‌ನ ಹೆಣ್ಣುಮಕ್ಕಳು. ಹುಡುಗಿಯರೂ ಇದನ್ನು ಗಮನಿಸಬೇಕು.

ನನ್ನ ವಿಷಯಕ್ಕೆ ಬಂದರೆ, ಸಮವಸ್ತ್ರ ತೊಡುವ ಅವಕಾಶ ಮುಗಿದಿದೆ. ಕೆಲವು ತಿಂಗಳು ನಸುಕಿನಲ್ಲಿ ಏಳುವುದನ್ನೇ ಬಿಟ್ಟಿದ್ದೆ. ಮೂರು ವರ್ಷ ಅವ್ವ ನನಗಾಗಿ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದದ್ದು ದಂಡವಾಯಿತಲ್ಲ ಎಂಬ ಸಂಕಟ. ತಿಮ್ಮಯ್ಯ ಎಲ್ಲಿ, ನಾನೆಲ್ಲಿ? ಆದರೂ ಎಲ್ಲ ಮುಗಿಯಿತೆಂದು ಕಾಫಿ ತೋಟಕ್ಕೆ ಮರಳಿದವರು ಮೂರು ವರ್ಷದ ನಂತರ ಕರೆ ಬಂದಾಗ ಎದ್ದು ಹೋದದ್ದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಈಗ ಮತ್ತೆ ಐದಕ್ಕೆ ಏಳುತ್ತೇನೆ. ಊರಿನ ಏಳು ಹುಡುಗರು, ಇಬ್ಬರು ಹುಡುಗಿಯರು ಭರ್ತಿಗೆ ತಯಾರಾಗುತ್ತಿದ್ದಾರೆ. ಅವರು ಓಡುತ್ತಾರೆ, ನಾನು ಮೊಬೈಲಿನಲ್ಲಿ ಸಮಯ ಹಿಡಿಯುತ್ತೇನೆ. ಓಟ ಮುಗಿದು ಏದುಸಿರು ಬಿಡುತ್ತ ಕೂತಾಗ ಒಂದೊಂದು ಪ್ರಶ್ನೆ ಕೇಳುತ್ತೇನೆ. ಮೊನ್ನೆ ಅದೇ ಪ್ರಶ್ನೆ ಕೇಳಿದೆ. ಎಲ್ಲರೂ ಕಾರ್ಯಪ್ಪ ಎಂದರು. ನಾನು ನಕ್ಕು, ರಸ್ತೆ ಬದಿಯ ಮಣ್ಣಿನಲ್ಲಿ ಕಡ್ಡಿಯಿಂದ ಸೈಪ್ರಸ್ಸಿನ ನಕ್ಷೆ ಬರೆದು, ನಡುವೆ ಒಂದು ಗೆರೆ ಎಳೆದೆ.